ಕಣಿ, ಶಕುನ, ಕಾರಣಿಕ, ಭವಿಷ್ಯ: ಯಾವುದು ಎಲ್ಲಿ ಕೂರುತ್ತದೆ?

ಅನುವಾದ_ಜಯನಗರ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಗ್ರೀಕ್ ಪುರಾಣಕಥೆಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಮುಂದಾಗುವುದನ್ನು ಹೇಳುವವರು ಈ ಕಥೆಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ಮೊದಲ ಕರಡಿನಲ್ಲಿ ಎಲ್ಲರೂ 'ಭವಿಷ್ಯ ನುಡಿದರು' ಅಂತಲೇ ಆಗಿದೆ, ಓದಿದರೆ ಸಪ್ಪೆ. ತೊಡಕಿರುವ ಜಾಗಗಳು ನಾಲ್ಕು:

ಡೆಲ್ಫಿಯ ಗುಡಿಯಲ್ಲಿ ಅಪೋಲೊ ಮೈಮೇಲೆ ಬಂದು ಪೂಜಾರಿಣಿ ಆಡುವ ಮಾತು. ಟ್ರಾಯ್ ಯುದ್ಧಕ್ಕೆ ಹೊರಟಾಗ ಗ್ರೀಕ್ ದಂಡಿನ ಜೋಯಿಸ ಕಾಲ್ಕಸ್ ಹಾವು-ಗುಬ್ಬಿಗಳನ್ನು ನೋಡಿ ಹೇಳುವ ಮಾತು. ಕುರುಡ ಟೈರೀಸಿಯಸ್ ಹೇಳುವ ಮಾತು. ಕಡೆಯದಾಗಿ, ಕಥೆಗಳಿಗೆ ಚೌಕಟ್ಟಾಗಿ ಬರುವ, ಸಂತೆಯಲ್ಲಿ ಕೈ ನೋಡಿ ಹೇಳುವ ಮುದುಕಿ.

'ಕಣಿ' ಎಂಬ ಪದ ಬಳಸುವ ಆಸೆಯಿದೆ. ಅದು ಕೊರವಂಜಿಗೆ ಮಾತ್ರ ಸಲ್ಲುವ ಪದ, ಬೇರೆ ಕಡೆ ಹಾಕಬಾರದು ಎಂದು ಕರಡು ನೋಡಿದವರು ಗೆರೆ ಎಳೆದಿದ್ದಾರೆ. ಅವರು ಹೇಳಿದ್ದು ಸರಿಯೇ?

ಪದಕೋಶ_ಚಾಮರಾಜಪೇಟೆ

ಅರ್ಧ ಸರಿ. ಮೊದಲು ಪದವನ್ನು ಬಿಡಿಸಿ ನೋಡೋಣ, ಯಾಕೆಂದರೆ 'ಕಣಿ' ಎಂಬ ಒಂದೇ ಕಾಗುಣಿತದಲ್ಲಿ ಬೇರೆ ಬೇರೆ ಪದಗಳು ಅಡಗಿವೆ.

ಒಂದು, ನಮಗೆ ಬೇಕಾದದ್ದು: ಕಂಡು ಹೇಳುವ ಮಾತು. ಇದನ್ನು 'ಕಾಣ್' ಧಾತುವಿಗೆ ಜೋಡಿಸುವುದು ಸಹಜವಾಗಿದೆ, 'ಕಣ್ಣು' ಕೂಡ ಅದೇ ಬಳಗ. ತಮಿಳಿನಲ್ಲಿ 'ಕಣಿ' ಅಂದರೆ ಲೆಕ್ಕಹಾಕು ಎಂದೂ ಆಗುತ್ತದೆ, ಜೋಯಿಸನಿಗೆ 'ಕಣಿಯನ್' ಎಂಬ ಹೆಸರಿದೆ. ಅದನ್ನು ನೋಡಿದವರು ಸಂಸ್ಕೃತದ 'ಗಣ್', ಗಣಿಸು, ಗಣಕ ಇವುಗಳ ಕಡೆಗೆ ಬೆರಳು ತೋರಿಸುತ್ತಾರೆ. ಕನ್ನಡದ ಬಳಕೆ ಮಾತ್ರ 'ಕಾಣ್' ಕಡೆಗೇ ವಾಲುತ್ತದೆ. ಕಣಿ ಹೇಳುವವಳು ಪಂಚಾಂಗ ಬಿಡಿಸಿ ಎಣಿಸುವುದಿಲ್ಲ, ಎದುರಿಗಿರುವ ಕೈ, ಮುಖ ನೋಡಿ ಹೇಳುತ್ತಾಳೆ.

ಎರಡು: 'ಖನಿ'ಯ ತದ್ಭವ. ಇಂದಿನ 'ಗಣಿ' ಇದರ ಮತ್ತೊಂದು ರೂಪ. ಹಳೆಯ ಕಾವ್ಯದಲ್ಲಿ ಯಾರನ್ನಾದರೂ ಗುಣದ ಕಣಿ ಎಂದರೆ ಜ್ಯೋತಿಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ದನ ಕಟ್ಟುವ 'ಕಣ್ಣಿ', ಬಾಣದ 'ಕಣೆ' ಬೇರೆಯವೇ. ಟೈಪು ಮಾಡುವಾಗ ಒಂದು ಒತ್ತು ಜಾಸ್ತಿಯಾದರೆ ಕೊರವಂಜಿ ಹಗ್ಗ ಹೇಳಿದಂತಾಗುತ್ತದೆ. ತಿದ್ದುವಾಗ 'ಕಣ್ಣಿ ಹೇಳು' ಎಂಬುದನ್ನು ಹುಡುಕಿ ನೋಡಿ.

ನಿಜವಾದ ಕೀಲಿ ಇರುವುದು ನಾಮಪದದಲ್ಲಲ್ಲ, ಅದರ ಜೊತೆ ಬರುವ ಕ್ರಿಯಾಪದದಲ್ಲಿ. ಕಣಿ ಹೇಳುತ್ತಾರೆ, ಕಣಿ ಕೇಳುತ್ತಾರೆ. ಕಣಿ 'ಆಗುವುದಿಲ್ಲ'. ಶಕುನ ಆಗುತ್ತದೆ. ಕಾರಣಿಕ ನುಡಿಯುತ್ತಾರೆ. ಪ್ರಶ್ನೆ ಇಡಿಸುತ್ತಾರೆ. ಕಾಲಜ್ಞಾನ ಬರೆಯುತ್ತಾರೆ ಅಥವಾ ಹಾಡುತ್ತಾರೆ. ಮುನ್ಸೂಚನೆ ಕೊಡುತ್ತಾರೆ. ಈ ಜೋಡಿಗಳನ್ನು ಕಲಸಿದರೆ ವಾಕ್ಯ ವ್ಯಾಕರಣಕ್ಕೆ ಸರಿಯಿದ್ದರೂ ಕಿವಿಗೆ ಹಿಡಿಸುವುದಿಲ್ಲ. ಕಣಿಗೆ ಎದುರಿಗೊಬ್ಬ ಕೇಳುಗ ಬೇಕೇ ಬೇಕು, ಮತ್ತು ಅದು ಆ ಕೇಳುಗನ ಬಾಳಿಗೆ ಸಂಬಂಧಿಸಿದ್ದಾಗಿರಬೇಕು. ನಾಡಿನ ಮಳೆ ಬೆಳೆ, ಅರಸರ ಏಳುಬೀಳು ಕಣಿಯಲ್ಲಿ ಬರುವುದಿಲ್ಲ.

ಹಾಗಾಗಿ ಸಂತೆಯ ಮುದುಕಿಗೆ 'ಕಣಿ' ಧಾರಾಳವಾಗಿ ಹಾಕಿ. ಡೆಲ್ಫಿಗೆ ಬೇಡ.

ಕರಾವಳಿ_ಕುಚ್ಚಲಕ್ಕಿ

'ಕಾಣ್' ಎಂಬುದಕ್ಕೆ ನಮ್ಮ ಕಡೆಯದೊಂದು ಸಾಕ್ಷಿ. ಏಪ್ರಿಲ್ ನಡುವೆ ಬರುವ ಬಿಸು ಹಬ್ಬದಲ್ಲಿ ತುಳುನಾಡಿನಲ್ಲಿ 'ಕಣಿ' ಇಡುತ್ತಾರೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಆ ಕಾಲದ ಹಣ್ಣು, ಹೂವು, ಚಿನ್ನ, ಒಂದು ಕನ್ನಡಿ, ಎಲ್ಲವನ್ನೂ ದೇವರ ಮುಂದೆ ಹಿಂದಿನ ರಾತ್ರಿಯೇ ಜೋಡಿಸಿ, ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅದನ್ನೇ ನೋಡುವುದು. ಇಲ್ಲಿ ಕಣಿಯನ್ನು ಯಾರೂ ಹೇಳುವುದಿಲ್ಲ, ಕಾಣುವುದು ಅಷ್ಟೇ. ಕೇರಳದ ವಿಷುಕಣಿಯೂ ಇದೇ. ವರ್ಷದ ಮೊದಲ ನೋಟ ಒಳ್ಳೆಯದಾದರೆ ವರ್ಷವೂ ಒಳ್ಳೆಯದು ಎಂಬ ನಂಬಿಕೆ, ಅಲ್ಲಿಗೆ ನೋಟದಿಂದ ಮುಂಗಾಣ್ಕೆಗೆ ಪದ ಜಾರಿದ ದಾರಿ ಕಾಣುತ್ತದೆ.

ಅದೇ ಊರಿನಲ್ಲಿ ಅಡಿಕೆ ತೋಟದ ಸಾಲುಗಳ ನಡುವೆ ನೀರು ಬಸಿಯಲು ತೋಡುವ ಚರಂಡಿಗೂ 'ಕಣಿ' ಎನ್ನುತ್ತಾರೆ. ಪದಕೋಶದವರು ಹೇಳಿದ ಅಗೆಯುವ 'ಖನಿ'ಯ ಕಡೆಯದು ಇದು ಎಂದು ಕಾಣುತ್ತದೆ. 'ಮಳೆಗಾಲಕ್ಕೆ ಮೊದಲು ಕಣಿ ಬಿಡಿಸಬೇಕು' ಎಂದು ಪುತ್ತೂರಿನವರು ಹೇಳಿದರೆ ಬೆಂಗಳೂರಿನವರು ಜೋಯಿಸರನ್ನು ಹುಡುಕಬಾರದು.

'ಕಾರಣಿಕ'ದ ಬಗ್ಗೆಯೂ ಒಂದು ಎಚ್ಚರ. ಕರಾವಳಿಯಲ್ಲಿ 'ದೈವದ ಕಾರ್ಣಿಕ' ಎಂದರೆ ದೈವದ ಮಹಿಮೆ, ಶಕ್ತಿ. ಕೋಲದಲ್ಲಿ ದೈವ ಆಡುವ ಮಾತಿಗೆ ಹೆಸರು 'ನುಡಿ'. ಅದರಲ್ಲಿ ಮುಂದಿನದೂ ಇರಬಹುದು, ಆದರೆ ಅಭಯ, ತೀರ್ಪು, ಗದರಿಕೆ ಎಲ್ಲವೂ ಸೇರಿರುತ್ತದೆ. ಆದ್ದರಿಂದ ನುಡಿಯನ್ನು 'ಭವಿಷ್ಯವಾಣಿ' ಎಂದು ಬರೆದರೆ ಅದರ ಮುಕ್ಕಾಲು ಭಾಗ ಕತ್ತರಿಸಿ ಎಸೆದಂತೆ.

ಹಡಗಲಿ_ಮಲ್ಲಿಗೆ

ಬಯಲುಸೀಮೆಯಲ್ಲಿ ಕಾರಣಿಕ ಅಂದರೆ ಮುಂದಿನ ಮಾತೇ. ಸರಿಯಾದ ಚಿತ್ರ ಇಲ್ಲಿದೆ.

ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿ ಎಂಬ ಜಾಗದಲ್ಲಿ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ, ಅಂದರೆ ಮೈಲಾರಲಿಂಗನ ಸೇವಕ, ಎತ್ತರದ ಬಿಲ್ಲನ್ನು ಏರುತ್ತಾರೆ. ತುದಿಯಲ್ಲಿ ನಿಂತು 'ಸದ್ದಲೇ' ಎನ್ನುತ್ತಾರೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಒಂದೇ ಒಂದು ವಾಕ್ಯ, ಅಷ್ಟೇ. ಹೇಳಿದ ಕೂಡಲೇ ಮೇಲಿನಿಂದ ಹಿಂದಕ್ಕೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಹೀಗೆಯೇ ನಡೆಯುತ್ತದೆ.

2024ರಲ್ಲಿ ಮೈಲಾರದ ನುಡಿ 'ಸಂಪಾಯಿತಲೇ ಪರಾಕ್'. 2025ರಲ್ಲಿ 'ತುಂಬಿದ ಕೊಡ ತುಳುಕಿತಲೇ ಪರಾಕ್'. ಎರಡನೆಯದನ್ನೇ ಹಿಡಿದು ನೋಡಿ. ಕೊಡ ತುಂಬಿದೆ ಎಂದರೆ ಸಮೃದ್ಧಿ. ತುಳುಕಿತು ಎಂದರೆ ಹೆಚ್ಚಾಗಿ ಚೆಲ್ಲಿತು ಎಂದೂ ಆಗಬಹುದು, ಇದ್ದದ್ದು ಅಲುಗಿತು ಎಂದೂ ಆಗಬಹುದು. ರೈತ ಅದನ್ನು ಕೆರೆಗೆ ಅನ್ವಯಿಸುತ್ತಾನೆ, ರಾಜಕಾರಣಿ ಕುರ್ಚಿಗೆ. ಕಾರಣಿಕದ ಲಕ್ಷಣವೇ ಇದು: ಆಡುವವರು ಒಬ್ಬರು, ಬಿಡಿಸುವವರು ಹಲವರು. ಆಡಿದವರೇ ವಿವರಣೆ ಕೊಟ್ಟರೆ ಅದು ಕಾರಣಿಕ ಅಲ್ಲ.

ಡೆಲ್ಫಿಯ ಪೂಜಾರಿಣಿ ಮೂರು ಕಾಲಿನ ಪೀಠದ ಮೇಲೆ ಕೂತು, ದೇವರು ಮೈದುಂಬಿ, ಎರಡು ಅರ್ಥದ ಮಾತಾಡುತ್ತಿದ್ದಳಲ್ಲ? ಕನ್ನಡದಲ್ಲಿ ಅದಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ತೋರುವುದಿಲ್ಲ. 'ಡೆಲ್ಫಿಯ ಕಾರಣಿಕ' ಎಂದೇ ಬರೆಯಿರಿ. ಮೊದಲ ಸಲ ಬಂದಾಗ 'ದೇವರು ಮೈದುಂಬಿ ಆಡಿಸುವ ಮಾತು' ಎಂದು ವಾಕ್ಯದೊಳಗೇ ಬಿಡಿಸಿದರೆ ಮಂಗಳೂರಿನ ಮಕ್ಕಳಿಗೂ ತೊಡಕಾಗದು. 'ಪರಾಕ್' ಮಾತ್ರ ಹಾಕಬೇಡಿ, ಅದು ಮೈಲಾರಲಿಂಗನಿಗೆ ಸೇರಿದ್ದು.

ರಂಗಸಜ್ಜು_ಹನುಮಂತನಗರ

ಮುದುಕಿಯ ಪಾತ್ರದ ಬಗ್ಗೆ ಹೇಳುತ್ತೇನೆ. ಕಣಿಗೆ ಒಂದು ಕ್ರಮವಿದೆ. ಬರೆಯುವವರು ಅದನ್ನು ಮುರಿದರೆ ರಂಗದ ಮೇಲೆ ದೃಶ್ಯ ನಿಲ್ಲುವುದಿಲ್ಲ.

ಕೊರವಂಜಿ ಬರುವುದು ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಬೆತ್ತ ಹಿಡಿದು. ಮೊದಲು ಕೂಗು: 'ಕಣಿ ಹೇಳ್ತೀನವ್ವಾ ಕಣಿ'. ಕರೆದ ಮೇಲೆ ತನ್ನ ನಾಡು, ತಾನು ಸುತ್ತಿ ಬಂದ ಬೆಟ್ಟ, ಊರುಗಳನ್ನು ಹೇಳಿಕೊಳ್ಳುತ್ತಾಳೆ. ಇದು ಬರೀ ಅಲಂಕಾರ ಅಲ್ಲ, ಇಷ್ಟು ದೂರದಿಂದ ಬಂದವಳಿಗೆ ಈ ಮನೆಯ ಗುಟ್ಟು ಗೊತ್ತಿರಲು ಸಾಧ್ಯವಿಲ್ಲ ಎಂಬ ನೆಲೆ ಕಟ್ಟುವುದು ಇಲ್ಲೇ. ಆಮೇಲೆ ಮೊರದಲ್ಲಿ ಅಕ್ಕಿ, ಎಲೆ ಅಡಿಕೆ ತರಿಸುತ್ತಾಳೆ. ಮನೆದೇವರ ಜೊತೆಗೆ ಹತ್ತಾರು ದೇವರನ್ನು ನೆನೆಯುತ್ತಾಳೆ. ಕೈ ಹಿಡಿಯುತ್ತಾಳೆ. ಆಗಲೂ ಮುಂದಿನದಕ್ಕೆ ಹಾರುವುದಿಲ್ಲ. ಮೊದಲು ಆಗಿಹೋದದ್ದು, ಆಮೇಲೆ ಈಗ ಮನಸ್ಸಿನಲ್ಲಿರುವುದು, ಕಡೆಗೆ ಆಗಲಿರುವುದು. ಕೇಳುವವಳು ಎರಡು ಸಲ 'ಹೌದು' ಎಂದ ಮೇಲೆಯೇ ಮೂರನೆಯದನ್ನು ನಂಬುತ್ತಾಳೆ. ಹೊಸಬರು ಮಾಡುವ ತಪ್ಪೆಂದರೆ ಮೊದಲ ಸಾಲಿನಲ್ಲೇ 'ನಿನಗೆ ರಾಜಕುಮಾರ ಸಿಗುತ್ತಾನೆ' ಎಂದು ಹೇಳಿಸಿಬಿಡುವುದು. ಅಲ್ಲಿಗೆ ಉಳಿದ ಹತ್ತು ನಿಮಿಷಕ್ಕೆ ಕೆಲಸವೇ ಇಲ್ಲ.

ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಶ್ರೀನಿವಾಸನೇ ಕೊರವಂಜಿಯ ವೇಷದಲ್ಲಿ ಆಕಾಶರಾಜನ ಅರಮನೆಗೆ ಹೋಗಿ ಪದ್ಮಾವತಿಯ ಮನದಲ್ಲಿರುವವನು ಯಾರೆಂದು ಹೇಳುವ ಭಾಗ ಇದಕ್ಕೆ ಮಾದರಿ. ಅಲ್ಲಿ ಕಣಿಯ ತಿರುಳು ಮುಂದಾಗುವ ಮದುವೆಗಿಂತ, ಹುಡುಗಿ ಬಾಯಿಬಿಡದ ಮಾತನ್ನು ಹೊರತೆಗೆಯುವುದು.

ನಮ್ಮ ಬೆಂಗಳೂರಿಗೆ ಈ ಹೆಸರು ಇನ್ನೊಂದು ದಾರಿಯಲ್ಲಿ ಪರಿಚಿತ. ರಾಶಿ (ಎಂ. ಶಿವರಾಂ) ಅವರು 1942ರಲ್ಲಿ ಇಲ್ಲಿಂದ ಹೊರತಂದ ಹಾಸ್ಯಪತ್ರಿಕೆಯ ಹೆಸರು 'ಕೊರವಂಜಿ'. ಮುಖ ನೋಡಿ ಇದ್ದದ್ದನ್ನು ಹೇಳುವವಳು ಎಂಬ ಅರ್ಥ ಅಲ್ಲಿ ಚೆನ್ನಾಗಿ ಒಗ್ಗಿತ್ತು.

ಒಂದು ವಿನಂತಿ: ಗ್ರೀಕ್ ಮುದುಕಿಯನ್ನು 'ಕೊರವಂಜಿ' ಎನ್ನಬೇಡಿ. ಕೊರವ, ಕೊರಮ, ಕೊರಚ ಎನ್ನುವುದು ಇಂದೂ ನಮ್ಮ ನಡುವೆ ಬಾಳುತ್ತಿರುವ ಸಮುದಾಯಗಳ ಹೆಸರು. 'ಕಣಿ ಹೇಳುವ ಮುದುಕಿ' ಎಂದರೆ ಸಾಕು.

ಅನುವಾದ_ಜಯನಗರ

ತುಂಬ ಉಪಕಾರವಾಯಿತು. ಎರಡು ಮರುಪ್ರಶ್ನೆ. ಬೆಂಗಳೂರಿನ ಮಾತಿನಲ್ಲಿ 'ಅವನ ಕಣಿ ಕೇಳ್ತಾ ಕೂತ್ರೆ ಕೆಲಸ ಆದಂಗೆ' ಅಂತಾರಲ್ಲ, ಮಕ್ಕಳು ಆ ಅರ್ಥ ತೆಗೆದುಕೊಂಡಾರೇ? ಮತ್ತೆ, ಕಾಲ್ಕಸನಿಗೆ ಯಾವ ಪದ?

ಪದಕೋಶ_ಚಾಮರಾಜಪೇಟೆ

ಆ ಅರ್ಥ ಇದೆ: ಉದ್ದಕ್ಕೆ ಎಳೆಯುವ, ಬೇಡದ ಮಾತು. ಕೂಗಿ ಕರೆಯದಿದ್ದರೂ ಬಾಗಿಲಲ್ಲಿ ನಿಂತು ಹೇಳುತ್ತಲೇ ಇರುವ ಕಣಿಯಿಂದ ಹುಟ್ಟಿದ ಬಳಕೆ ಇರಬೇಕು. ಅಲ್ಲಿ ಯಾವಾಗಲೂ 'ಅವನ', 'ನಿನ್ನ' ಎಂಬ ಷಷ್ಠಿ ಮುಂದೆ ಬರುತ್ತದೆ. 'ಮುದುಕಿ ಕಣಿ ಹೇಳಿದಳು' ಎಂದರೆ ಶುದ್ಧವಾಗಿ ಮೊದಲ ಅರ್ಥವೇ. 'ಮುದುಕಿಯ ಕಣಿ ಕೇಳಿ ಸಾಕಾಯಿತು' ಎಂದರೆ ಎರಡನೆಯದು. ಷಷ್ಠಿ ತಪ್ಪಿಸಿ ಬರೆದರೆ ಗೊಂದಲ ತಪ್ಪುತ್ತದೆ.

ಅಕ್ಕಪಕ್ಕದ ಭಾಷೆಗಳನ್ನೂ ನೋಡಿ, ನಮ್ಮೂರಲ್ಲಿ ಮೂರೂ ಕಿವಿಗೆ ಬೀಳುತ್ತವೆ. ತೆಲುಗಿನಲ್ಲಿ 'ಎರುಕ', ಅರಿವು. ತಮಿಳಿನಲ್ಲಿ 'ಕುರಿ', ಗುರುತು, ನಮ್ಮ ಗುರಿಯ ನಂಟು. ಕನ್ನಡದಲ್ಲಿ ಕಣಿ, ಕಂಡದ್ದು. ತಮಿಳಿನಿಂದ ಬಂದ ಅನುವಾದಗಳಲ್ಲಿ 'ಕುರಿ ಹೇಳಿದಳು' ಎಂದು ಹಾಗೇ ಇಳಿದಿರುವುದುಂಟು, ಕನ್ನಡದಲ್ಲಿ ಅದು ಮೇಯುವ ಕುರಿಯಾಗುತ್ತದೆ.

ಹಾಲಕ್ಕಿ_ನುಡಿ

ಕಾಲ್ಕಸನದು ಅಪ್ಪಟ ಶಕುನ. ಶಕುನ ಎಂದರೆ ಸಂಸ್ಕೃತದಲ್ಲಿ ಹಕ್ಕಿ ಎಂದೇ ಅರ್ಥ. ಹಕ್ಕಿಯ ಹಾರಾಟ, ಕೂಗು ನೋಡಿ ಮುಂದಿನದನ್ನು ಅಳೆಯುವ ವಿದ್ಯೆಯಿಂದ ಪದ ಬೆಳೆದು, ಈಗ ಬೆಕ್ಕು, ಹಲ್ಲಿ, ಸೀನು ಎಲ್ಲಕ್ಕೂ ಹಬ್ಬಿದೆ.

ಟ್ರಾಯ್‌ಗೆ ಹೊರಟ ಗ್ರೀಕ್ ದಂಡು ಸೇರಿದ್ದ ಔಲಿಸ್‌ನಲ್ಲಿ ಏನಾಯಿತು? ಹಾವೊಂದು ಮರ ಹತ್ತಿ ಗೂಡಿನಲ್ಲಿದ್ದ ಎಂಟು ಗುಬ್ಬಿಮರಿಗಳನ್ನು ನುಂಗಿ, ಒಂಬತ್ತನೆಯದಾಗಿ ತಾಯಿಯನ್ನೂ ನುಂಗಿತು. ಕಾಲ್ಕಸ್ ಎಣಿಸಿದ: ಒಂಬತ್ತು ವರ್ಷ ಯುದ್ಧ, ಹತ್ತನೆಯ ವರ್ಷ ಟ್ರಾಯ್ ಬೀಳುತ್ತದೆ. ಇಲ್ಲಿ ಎರಡು ಹಂತ ಇವೆ, ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತಿದೆ. ಹಾವು ನುಂಗಿದ್ದು 'ಶಕುನವಾಯಿತು'. ಕಾಲ್ಕಸ್ ಅದನ್ನು 'ಶಕುನ ನೋಡಿ ಫಲ ಹೇಳಿದ'. ಶಕುನ ಬೇರೆ, ಫಲ ಬೇರೆ. ಹಲ್ಲಿ ಮೈಮೇಲೆ ಬಿದ್ದದ್ದು ಶಕುನ, ಯಾವ ಅಂಗದ ಮೇಲೆ ಬಿದ್ದರೆ ಏನು ಎಂದು ಪಂಚಾಂಗದ ಕೊನೆಯ ಪುಟಗಳಲ್ಲಿ ಅಚ್ಚಾಗುವುದು ಫಲ. 'ಕಾಲ್ಕಸ್ ಶಕುನ ಮಾಡಿದ' ಎಂದು ಬರೆದರೆ ಹಾವನ್ನು ಅವನೇ ಬಿಟ್ಟಂತಾಗುತ್ತದೆ.

ಹಕ್ಕಿಯ ನಂಟು ಇನ್ನೂ ಉಳಿದಿರುವುದು ಬುಡಬುಡಿಕೆಯವರ ಬಾಯಲ್ಲಿ. ಬುಡಬುಡಿಕೆ ಎಂದರೆ ನಡು ಸಣ್ಣಗಿರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾದ್ಯ. ನಡುವಿಗೆ ಕಟ್ಟಿದ ದಾರದ ತುದಿಯ ಗಂಟು, ಮಣಿಕಟ್ಟು ತಿರುಗಿಸಿದಾಗ ಎರಡೂ ಮುಖಕ್ಕೆ ಬಡಿಯುತ್ತದೆ. ಬೆಳಗಿನ ಜಾವ ಬಂದು 'ಹಾಲಕ್ಕಿ ನುಡೀತೈತೆ' ಎನ್ನುತ್ತಾರೆ. ಹಾಲಕ್ಕಿ ಒಂದು ಸಣ್ಣ ಗೂಬೆ. ವಾಕ್ಯದ ಕರ್ತೃ ಯಾರು ನೋಡಿ: ನುಡಿಯುವುದು ಹಕ್ಕಿ, ಬುಡಬುಡಿಕೆಯವರು ಮಾತು ಮುಟ್ಟಿಸುವವರಷ್ಟೇ. ಅದಕ್ಕೇ ಅವರದು ಕಣಿ ಅಲ್ಲ, ಶಕುನ. 'ಬುಡಬುಡಿಕೆಯವ ಕಣಿ ಹೇಳಿದ' ಎಂದು ಕಥೆಗಳಲ್ಲಿ ಬರುವುದು ಪಾತ್ರಗಳನ್ನು ಕಲಸಿದ್ದು.

'ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ' ಎಂಬ ಗಾದೆಯಲ್ಲೂ ಇದೇ ಸೂಕ್ಷ್ಮ ಇದೆ. ಹಲ್ಲಿಯ ಲೊಚಗುಟ್ಟುವಿಕೆಯನ್ನೇ 'ಹೇಳುವುದು' ಎಂದಿದ್ದಾರೆ.

ಪದಕೋಶ_ಚಾಮರಾಜಪೇಟೆ

ಇದಕ್ಕೊಂದು ಹಳೆಯ ಪದ ಸೇರಿಸಿ: ನಿಮಿತ್ತ. ಈಗ 'ಕೆಲಸದ ನಿಮಿತ್ತ' ಎಂದು ಕಾರಣಕ್ಕೆ ಇಳಿದಿದೆ. ಹಿಂದೆ ಮುಂದಿನದರ ಗುರುತು ಎಂಬ ಅರ್ಥ ಗಟ್ಟಿಯಾಗಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, ಕ್ರಿ.ಶ. 600ರ ಸುಮಾರಿನ ಶಾಸನದಲ್ಲಿ ಭದ್ರಬಾಹು ಅಷ್ಟಾಂಗ ಮಹಾನಿಮಿತ್ತ ಬಲ್ಲವನು, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕೇಡುಗಾಲವನ್ನು ಮೊದಲೇ ಕಂಡವನು ಎಂದಿದೆ. ಟೈರೀಸಿಯಸ್‌ಗೆ 'ನಿಮಿತ್ತಜ್ಞ' ಗಂಭೀರವಾಗಿ ಒಪ್ಪುತ್ತದೆ, ಆದರೆ ಹೈಸ್ಕೂಲಿಗೆ ಭಾರ. 'ಮುಂದನ್ನು ಬಲ್ಲ ಕುರುಡ' ಎಂದು ತಿಳಿಯಾಗಿ ಬರೆಯಬಹುದು. 'ಕಂಡು' ಎಂಬ ಕ್ರಿಯಾಪದವನ್ನು ಅವನಿಗೇ ಕಾದಿಡಿ. ಕಣ್ಣಿಲ್ಲದವನು 'ಕಂಡ' ಎಂದಾಗ ಆ ಮಾತಿಗೆ ಬರುವ ತೂಕ ಬೇರೆ ಯಾರಿಗೂ ಬರುವುದಿಲ್ಲ.

'ಪ್ರವಾದಿ' ಬೇಡ. ಕನ್ನಡ ಬೈಬಲ್ಲಿನಲ್ಲೂ ಇಸ್ಲಾಮಿನ ಬರಹಗಳಲ್ಲೂ ಅದಕ್ಕೆ ದೇವರ ಸಂದೇಶ ತಂದವರು ಎಂಬ ನಿಶ್ಚಿತ ಸ್ಥಾನವಿದೆ.

ಕವಡೆ_108

ಪ್ರಶ್ನೆಯ, ಅಂದರೆ ಜೋಯಿಸರಲ್ಲಿ ಕವಡೆ ಎಣಿಸಿ ಕೇಳುವುದರ ಮಾತು ಬಂದಿದ್ದರಿಂದ ಒಂದು ಲೆಕ್ಕ, ಕಥೆ ಬರೆಯುವವರು ಮೇಲಿಂದ ಮೇಲೆ ತಪ್ಪುವ ಜಾಗ. ಅಷ್ಟಮಂಗಲ ಪ್ರಶ್ನೆಯಲ್ಲಿ 108 ಕವಡೆಗಳನ್ನು ಮೂರು ಗುಂಪು ಮಾಡುತ್ತಾರೆ. ಒಂದೊಂದು ಗುಂಪನ್ನೂ ಎಂಟೆಂಟಾಗಿ ಕಳೆದು ಉಳಿದದ್ದನ್ನು ಬರೆಯುತ್ತಾರೆ, ಏನೂ ಉಳಿಯದಿದ್ದರೆ ಎಂಟು ಎಂದು ಹಿಡಿಯುತ್ತಾರೆ. ಗುಂಪುಗಳು 35, 41, 32 ಆದರೆ ಉಳಿಯುವುದು 3, 1, 8. ಸಂಖ್ಯೆ 318. ಮೂರು ಅಂಕಿ ಆದದ್ದು, ಆಗುತ್ತಿರುವುದು, ಆಗಲಿರುವುದು ಎಂಬುದಕ್ಕೆ ನಿಲ್ಲುತ್ತವೆ.

ಈ ಸಂಖ್ಯೆಯಲ್ಲಿ ಸೊನ್ನೆಯಾಗಲಿ ಒಂಬತ್ತಾಗಲಿ ಬರಲು ಸಾಧ್ಯವೇ ಇಲ್ಲ. 108ನ್ನು ಎಂಟರಿಂದ ಭಾಗಿಸಿದರೆ ನಾಲ್ಕು ಉಳಿಯುವುದರಿಂದ ಮೂರು ಅಂಕಿಗಳ ಮೊತ್ತ 4, 12 ಅಥವಾ 20 ಆಗಲೇಬೇಕು. ಕಾದಂಬರಿಯಲ್ಲಿ 'ಪ್ರಶ್ನೆಯಲ್ಲಿ 555 ಬಂತು' ಎಂದಿದ್ದರೆ ಮೊತ್ತ 15, ಎಣಿಸಿದವರು ತಪ್ಪಿದ್ದಾರೆ ಅಥವಾ ಬರೆದವರು ಕವಡೆ ನೋಡಿಲ್ಲ.

ಇದಕ್ಕೆ 'ಕಣಿ' ಹೊಂದುವುದೇ ಇಲ್ಲ. ಇಲ್ಲಿ ಕಾಣುವುದಲ್ಲ, ಎಣಿಸುವುದು. ಕೇಳಿಸುವವರು 'ಪ್ರಶ್ನೆ ಇಡಿಸುತ್ತಾರೆ', ಉತ್ತರಕ್ಕೆ 'ಪ್ರಶ್ನೆಯಲ್ಲಿ ಕಂಡುಬಂತು' ಎನ್ನುತ್ತಾರೆ. ಗುಡಿಯಲ್ಲಿ ದೇವರ ಬಲಗಡೆಯ ಹೂ ಬಿದ್ದರೆ 'ಪ್ರಸಾದವಾಯಿತು', 'ಅಪ್ಪಣೆಯಾಯಿತು'. ಅದು ಹೌದು-ಅಲ್ಲ ಎಂಬ ಉತ್ತರ ಮಾತ್ರ, ಭವಿಷ್ಯವಲ್ಲ.

ಮಳೆಮಾಪಕ_ಯಲಹಂಕ

ಪೌರಾಣಿಕ ಚರ್ಚೆಯ ನಡುವೆ ಇಂದಿನ ಪದವೊಂದು, ದಿನಾಲೂ ತಪ್ಪಾಗಿ ಅಚ್ಚಾಗುವುದು. ಹವಾಮಾನ ಇಲಾಖೆ ಕೊಡುವುದು 'ಮುನ್ಸೂಚನೆ'. ಅದರ ಮೇಲೆ ಅಪಾಯ ಹೇಳಿದರೆ 'ಎಚ್ಚರಿಕೆ': ಹಳದಿ, ಕಿತ್ತಳೆ, ಕೆಂಪು. ಅದನ್ನು ಕೇಳಿ ಜನ ವಹಿಸುವುದು 'ಮುನ್ನೆಚ್ಚರಿಕೆ'. 'ಇಲಾಖೆ ಮುನ್ನೆಚ್ಚರಿಕೆ ನೀಡಿದೆ' ಎಂಬ ಶೀರ್ಷಿಕೆ ತಪ್ಪು. 'ಭಾರೀ ಮಳೆ' ಎಂಬುದೂ ಬಾಯಿಗೆ ಬಂದಂತೆ ಬರೆಯುವ ಪದವಲ್ಲ: 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ಭಾರೀ, 115.6ರಿಂದ ಅತಿ ಭಾರೀ, 204.5ರಿಂದ ಅತ್ಯಂತ ಭಾರೀ. ಮುನ್ಸೂಚನೆಗೆ ಅಳತೆ ಇದೆ, ಅವಧಿ ಇದೆ, ಮರುದಿನ ತಾಳೆ ನೋಡಬಹುದು. 'ಮಳೆ ಭವಿಷ್ಯ' ಎಂದು ಬರೆದಾಗ ಕಳೆದುಹೋಗುವುದು ಇದೇ.

'ಭವಿಷ್ಯ'ಕ್ಕೆ ಹೇಳಿಕೆ ಎಂಬ ಅರ್ಥ ಆಮೇಲೆ ಅಂಟಿದ್ದು. ಮೂಲದಲ್ಲಿ ಅದು ಬರೀ ಮುಂಬರುವ ಕಾಲ. ರಾಜಾರಾಂ ಮೋಹನ್ ರಾಯ್ ರಸ್ತೆಯ ಭವಿಷ್ಯನಿಧಿ ಭವನದಲ್ಲಿ ಯಾರೂ ಯಾರ ಕೈ ನೋಡುವುದಿಲ್ಲ, ಮುಪ್ಪಿಗೆ ಕೂಡಿಟ್ಟ ಹಣದ ಲೆಕ್ಕ ನೋಡುತ್ತಾರೆ.

ವ್ಯಾಕರಣ_ಮಲ್ಲೇಶ್ವರ

ನಾಮಪದಗಳಾದವು. ಹೇಳುವ ವಾಕ್ಯದ ಕ್ರಿಯಾಪದ ಹೇಗಿರಬೇಕು? ನನ್ನ ಕಣ್ಣಿಗೆ ಮುಖ್ಯವಾದದ್ದು ಇದೇ.

ಕನ್ನಡದಲ್ಲಿ ಮುಂದಿನದನ್ನು ಹೇಳಲು 'ಬರುವನು' ಇದೆ, ಆಡುಮಾತಿನ 'ಬರ್ತಾನೆ' ಇದೆ, ಜೊತೆಗೆ ಸಂಭಾವನಾರ್ಥಕ ಇದೆ: ಬಂದಾನು, ಬಂದಾಳು, ಬಂದೀತು, ಬಂದಾರು. ಇದು ಕಟ್ಟಿರುವುದು ಭೂತಕಾಲದ 'ಬಂದ್' ರೂಪದ ಮೇಲೆ. ಆಗಿಹೋದದ್ದರ ಮೇಲೆ ನಿಂತು ಆಗಬಹುದಾದದ್ದನ್ನು ಹೇಳುವ ರೂಪ. ಬೆಂಗಳೂರಿನ ಮಾತಿನಲ್ಲಿ ಇದು ಈಗ ಹೆಚ್ಚಾಗಿ ಎಚ್ಚರಿಸಲು ಉಳಿದಿದೆ: 'ಬಿದ್ದೀಯ, ಹುಷಾರು', 'ಮಳೆ ಬಂದೀತು, ಕೊಡೆ ತಗೋ'.

ಕಾರಣಿಕದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದಿದೆ. 'ಸಂಪಾಯಿತು', 'ತುಳುಕಿತು', ಎರಡೂ ನೇರ ಭೂತಕಾಲ. ದೇವರ ಲೆಕ್ಕದಲ್ಲಿ ಅದು ಆಗಿಯೇ ಹೋಗಿದೆ. ಬರೆದುಕೊಳ್ಳುವವರು ಅದನ್ನು 'ತುಳುಕೀತಲೇ' ಎಂದು ದೀರ್ಘ ಎಳೆದರೆ ನಿಶ್ಚಯ ಹೋಗಿ ಸಂಭವ ಆಗುತ್ತದೆ. ಒಂದು ದೀರ್ಘದಲ್ಲಿ ಅರ್ಥ ಬದಲು, ವರದಿ ಮಾಡುವವರು ಕಿವಿಗೊಟ್ಟು ಬರೆಯಬೇಕು.

ಹಾಗಾದರೆ: ದೇವರಾಡಿಸಿದ ಮಾತಿಗೆ ಭೂತಕಾಲ, ಶಕುನದ ಫಲಕ್ಕೆ '-ಉವುದು', ಕಣಿ ಹೇಳುವ ಮುದುಕಿಗೆ ಆಡುಮಾತಿನ 'ಬರ್ತಾನೆ', ಎಚ್ಚರಿಸುವ ಟೈರೀಸಿಯಸ್‌ಗೆ '-ಈತು'. ಹೆಸರು ಹಾಕದಿದ್ದರೂ ಯಾರ ಮಾತೆಂದು ಗೊತ್ತಾಗುತ್ತದೆ.

ಅನುವಾದ_ಜಯನಗರ

ಡೆಲ್ಫಿಯ ಸಾಲನ್ನು ತಿದ್ದಿದ್ದೇನೆ, ನೋಡಿ. ಲಿಡಿಯಾದ ದೊರೆ ಕ್ರೀಸಸ್ ಪರ್ಷಿಯನ್ನರ ಮೇಲೆ ದಂಡೆತ್ತಿ ಹೋಗಲೇ ಎಂದು ಕೇಳಿಸಿದಾಗ ಬಂದ ಉತ್ತರ. ಮೊದಲ ಕರಡು: 'ನೀನು ಹಾಲಿಸ್ ನದಿಯನ್ನು ದಾಟಿದರೆ ಶತ್ರುಗಳ ಒಂದು ದೊಡ್ಡ ಸಾಮ್ರಾಜ್ಯವು ನಾಶವಾಗುವುದು ಎಂದು ಭವಿಷ್ಯ ನುಡಿದಳು.' ಈಗ: 'ದೊರೆ ಹಾಲಿಸ್ ಹೊಳೆ ದಾಟಿದ, ಶತ್ರುವಿನ ಹಿರಿಯ ರಾಜ್ಯ ಮುಳುಗಿತು ಎಂದು ಕಾರಣಿಕವಾಯಿತು.'

ಹಡಗಲಿ_ಮಲ್ಲಿಗೆ

'ಶತ್ರುವಿನ' ತೆಗೆಯಿರಿ. ಮುಳುಗಿದ್ದು ಕ್ರೀಸಸನ ರಾಜ್ಯವೇ. ಯಾರದೆಂದು ಹೇಳದೆ ಬಿಟ್ಟದ್ದೇ ಆ ಮಾತಿನ ಜೀವ, ಕನ್ನಡದಲ್ಲಿ ಹಾಗೆ ಬಿಡುವುದಕ್ಕೆ ಏನೂ ಅಡ್ಡಿಯಿಲ್ಲ. 'ದೊರೆ'ಯೂ ಬೇಡ, ಬಿಲ್ಲಿನ ಮೇಲಿನ ಮಾತು ಅಷ್ಟು ಉದ್ದ ಇರುವುದಿಲ್ಲ. ಕಡೆಗೆ 'ಕಾರಣಿಕವಾಯಿತು' ಎಂದು ಬರೆಯುವುದುಂಟು, ಆದರೆ ಇಲ್ಲಿ ಆಡಿದವಳು ಕಾಣಬೇಕು.

'ಹಾಲಿಸ್ ಹೊಳೆ ದಾಟಿತು, ಹಿರಿಯ ರಾಜ್ಯ ಮುಳುಗಿತು' ಎಂದು ಕಾರಣಿಕ ನುಡಿದಳು.

ವ್ಯಾಕರಣ_ಮಲ್ಲೇಶ್ವರ

'ಹೊಳೆ ದಾಟಿತು' ಎಂದರೆ ಹೊಳೆಯೇ ಎದ್ದು ದಾಟಿದಂತೆ ಓದಿಕೊಳ್ಳುತ್ತದೆ. 'ದಂಡು ಹೊಳೆ ದಾಟಿತು, ಹಿರಿಯ ರಾಜ್ಯ ಮುಳುಗಿತು.' ದಂಡು ಯಾರದೆಂದು ಕೇಳಿದವನಿಗೆ ಗೊತ್ತು, ರಾಜ್ಯ ಯಾರದೆಂದು ಗೊತ್ತಿಲ್ಲ. ಹಾಲಿಸ್ ಹೆಸರು ಹಿಂದಿನ ವಾಕ್ಯದಲ್ಲಿ ಬಂದುಹೋಗಲಿ.

ಅನುವಾದ_ಜಯನಗರ

ಇದೇ ಇರಲಿ. ಇನ್ನು ಕಾಲ್ಕಸನ ಪುಟದಲ್ಲಿ 'ಶಕುನ ಮಾಡಿದ' ಎಂದು ಮೂರು ಕಡೆ ಇದೆ, ತಿದ್ದುತ್ತೇನೆ.